ಅವ್ವನ ಟ್ರ್ಯಾಕು

ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಆ ಊಟವನ್ನು ಪುಷ್ಪಲತಾಗೆ ತನ್ನ ಕೈಯಾರೆ ಬಡಿಸಬೇಕೆಂದು ಅರ್ಚನಾ ಹಡಗಲಿಯಲ್ಲೇ ತೀರ್ಮಾನಿಸಿದ್ದಳು. ಅಲ್ಲಿ ಸೋಬಾನೆ ತಂಡದ ಹಾಡು ಮುಗಿದ ಮೇಲೆ ಸಂಘಟಕರು ಇನ್ನೊಂದು ಶಾಲು ಹಿಡಿದು, ಹಿಂದೆ ನಿಂತಿದ್ದ ಪಂಪಮ್ಮನ ಕಡೆ ನೋಡಿದ್ದರು. ತಂಡದ ಮುಂದಾಳು ಪುಷ್ಪಲತಾ ನಗುತ್ತಲೇ ಅಂದಳು: "ಆಕಿಗ್ಯಾಕ್ರಿ ಶಾಲು? ನನ್ನ ಚೀಲ ಹಿಡಿಯಾಕ ಬಂದಾಳ."

ಶಾಲು ಮಡಚಿಕೊಂಡು ವಾಪಸ್ ಹೋಯಿತು. ಪಂಪಮ್ಮ ಅರ್ಚನಾಳ ಹೆತ್ತವ್ವ.

ಚೀಲ ಹಿಡಿಯುವವಳಂತೆ! ಪುಷ್ಪಲತಾಗೆ ಯಾವ ಹಾಡೂ ಮೊದಲ ನುಡಿ ದಾಟಿ ಬರುತ್ತಿರಲಿಲ್ಲ. ಅಲ್ಲಿಂದ ಮುಂದೆ ಪಂಪಮ್ಮನೇ ಸೊಲ್ಲು ಎತ್ತಿಕೊಡಬೇಕು. ಪುಷ್ಪಲತಾ ಒಂದು ಸಾಲು ಎಳೆಯುತ್ತಿರುವಾಗಲೇ ಇವಳು ಅವಳ ಹೆಗಲ ಹಿಂದೆ ತಲೆ ತಗ್ಗಿಸಿ ಮುಂದಿನ ಸಾಲನ್ನು ಪಿಸುಗುಡುವಳು. ಆಮೇಲೆ ಹಿಮ್ಮೇಳದಲ್ಲಿ "ಸೋ" ಎಂದು ದನಿ ಕೂಡಿಸುವಳು. ಪಿಸುಮಾತು ಜನಕ್ಕೆ ಕೇಳುತ್ತಿರಲಿಲ್ಲ. ಆ ಹಾಡುಗಳೆಲ್ಲ ಪಂಪಮ್ಮನ ತವರು ಚಿಗಟೇರಿಯವು.

ಇಷ್ಟಾದರೂ ಹಾಡು ರೆಕಾರ್ಡ್ ಮಾಡಿಸಲು ಪುಷ್ಪಲತಾ ಬಂದದ್ದು ಹರಪನಹಳ್ಳಿಯ ಅರ್ಚನಾಳ ಮನೆಗೇ. ನಾಚಿಕೆಗೆಟ್ಟವರಿಗೆ ದಾರಿ ಯಾವುದಾದರೇನು. ಅರ್ಚನಾ ಹಿಂದಿನ ಕೋಣೆಯ ಗೋಡೆಗಳಿಗೆ ಕೌದಿ ತೂಗುಹಾಕಿ, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡುಗಳ ಮಿಕ್ಸಿಂಗ್ ಮಾಡುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಮೈಕು, ಒಬ್ಬೊಬ್ಬರ ದನಿಗೆ ಒಂದೊಂದು ಟ್ರ್ಯಾಕು.

"ಪಂಪಕ್ಕನ ಗುಸುಗುಸು ಅಷ್ಟೂ ತಗದುಬಿಡವ್ವ," ಎಂದಳು ಪುಷ್ಪಲತಾ. "ಸೋ ಅನ್ನೋದು ಮಾತ್ರ ಇರ್ಲಿ. ಆಕಿ ದನಿ ಇಲ್ಲಂದ್ರ ಹಾಡು ಬಣಬಣ ಅಂತೈತಿ."

ಹಾಗಾಗಿ ಅವ್ವನ ಟ್ರ್ಯಾಕನ್ನು ಪೂರ್ತಿ ಮುಚ್ಚುವಂತಿರಲಿಲ್ಲ. ಅರ್ಚನಾ ಅದರ ಮೇಲೆ ವಾಲ್ಯೂಮಿನ ಗೆರೆ ತೆರೆದು ಚುಕ್ಕಿ ಇಡುತ್ತ ಹೋದಳು. ಪಿಸುಮಾತು ಬಂದಲ್ಲಿ ಚುಕ್ಕಿ ಕೆಳಕ್ಕೆ, ಸೋ ಬಂದಲ್ಲಿ ಮೇಲಕ್ಕೆ. ಹಾಡು ಹಚ್ಚಿದಾಗ ಪರದೆಯ ಮೇಲೆ ವಾಲ್ಯೂಮಿನ ಗುಂಡಿ ಆ ಗೆರೆಯ ಪ್ರಕಾರ ತನ್ನಷ್ಟಕ್ಕೆ ತಾನೇ ಏರಿತು, ಇಳಿಯಿತು. ಅದು ಇಳಿದಾಗಲೆಲ್ಲ ಅವ್ವ ಮೂಕಿಯಾದಳು. ಥೂ, ಹೆತ್ತವಳ ಬಾಯನ್ನು ನನ್ನ ಕೈಲೇ ಮುಚ್ಚುತ್ತಿದ್ದೇನಲ್ಲ ಎಂದು ಅರ್ಚನಾಳ ಮೈ ಉರಿಯಿತು.

ಕೆಳಗಿದ್ದ ಚುಕ್ಕಿಗಳನ್ನೆಲ್ಲ ಹಿಡಿದು ನೆತ್ತಿಗೆ ಎಳೆದಳು. ಅದೇ ಜಾಗಗಳಲ್ಲಿ ಪುಷ್ಪಲತಾಳ ಗೆರೆಯನ್ನು ಚೂರು ತಗ್ಗಿಸಿದಳು. ಮೊದಲ ನುಡಿಯನ್ನು ಮಾತ್ರ ಮುಟ್ಟಲಿಲ್ಲ.

ಪುಷ್ಪಲತಾ ಬಂದು ಹೆಡ್‌ಫೋನ್ ಹಾಕಿಕೊಂಡು ಆ ಒಂದು ನುಡಿ ಕೇಳಿ, ತನ್ನ ದನಿಗೆ ತಾನೇ ತಲೆದೂಗಿ ಎದ್ದಳು.

"ಉಳಿದಿದ್ದೂ ಕೇಳ್ರಿ ಅಕ್ಕಾರ," ಎಂದಳು ಅರ್ಚನಾ.

"ನನ್ನ ಹಾಡು ನನಗ ಗೊತ್ತಿಲ್ಲೇನು?"

ಹಾಡುಗಳ ಬಿಡುಗಡೆ ಇದ್ದದ್ದು ಹಗರಿಬೊಮ್ಮನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಸುತ್ತಲಿನ ಊರುಗಳ ಸೋಬಾನೆ ಹೆಂಗಸರೆಲ್ಲ ಮುಂದಿನ ಸಾಲಲ್ಲೇ ಕೂತಿದ್ದರು. ಪುಷ್ಪಲತಾ ರೇಷ್ಮೆ ಸೆರಗು ಸರಿಮಾಡಿಕೊಂಡು ಮೈಕಿನಲ್ಲಿ, "ಇವು ನಮ್ಮ ಮನಿ ಹಾಡು. ಸಣ್ಣಾಕಿ ಇದ್ದಾಗಿಂದ ನನ್ನ ನಾಲಿಗಿ ಮ್ಯಾಲೆ ಅದಾವ," ಎಂದಳು. ಮದುಮಕ್ಕಳಿಗೆ ನೀರೆರೆಯುವ ಹಾಡಿನ ರೆಕಾರ್ಡಿಂಗ್ ಶುರುವಾಯಿತು. ಮೊದಲ ನುಡಿಗೆ ಚಪ್ಪಾಳೆಯೂ ಬಿತ್ತು.

ಎರಡನೆಯ ನುಡಿಗೆ ಸ್ಪೀಕರಿನಿಂದ ಪಂಪಮ್ಮನ ದನಿ ಖಣಖಣ ಎಂದು ಬಂತು: "ನಾಕು ತಂಬಿಗಿ ನಡುವ, ಅನ್ನು."

"ನಾಕು ತಂಬಿಗಿ ನಡುವ..." ಎಂದು ಪುಷ್ಪಲತಾಳ ದನಿ ಹಾಡಿತು.

"ಮತ್ತ ಅತ್ತಿಗಿ ಅನ್ನಬ್ಯಾಡಬೇ, ಸೋದರತ್ತಿ. ಸೋದರತ್ತಿ ಬಂದಾಳ, ಅನ್ನು."

"ಸೋದರತ್ತಿ ಬಂದಾಳ..."

ಒಂದನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತಿತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಪುಷ್ಪಲತಾಳ ಮುಖ ಕಪ್ಪಿಟ್ಟಿತು. ಕೊಟ್ಟೂರಿನ ಮುದುಕಿ ಕನಕಮ್ಮ ಕೂತಲ್ಲಿಂದಲೇ ಕೈಯೆತ್ತಿದಳು. "ಅದನ್ನ ಬಂದ್ ಮಾಡ್ರಿ. ನಾಲಿಗಿ ಮ್ಯಾಲಿದ್ದದ್ದನ್ನ ಬಾಯಿಲೇ ಹಾಡ್ಲಿ."

ಬೇರೆ ದಾರಿಯಿರಲಿಲ್ಲ. ಪುಷ್ಪಲತಾ ಮೊದಲ ನುಡಿ ಹಾಡಿದಳು. ಆಮೇಲೆ ಮುಂದಿನ ಸಾಲು ನೆನಪಿಗೆ ಬರಲಿಲ್ಲ. ರೂಢಿಯ ಬಲದಿಂದ ಅವಳ ಕತ್ತು ಹಿಂದಕ್ಕೆ ಬಾಗಿತು. ಹಿಂದೆ ಪಂಪಮ್ಮ ನಿಂತಿದ್ದಳು.

ಅರ್ಚನಾ ಸ್ಪೀಕರಿನ ಪಕ್ಕದಿಂದ ಅವ್ವನನ್ನೇ ನೋಡಿದಳು. ಅವ್ವನ ಕರುಳು ಅವಳಿಗೆ ಗೊತ್ತಿಲ್ಲವೇ? ಈಗ ಅಯ್ಯೋ ಪಾಪ ಎಂದು ಒಂದು ಸೊಲ್ಲು ಕೊಟ್ಟಳೆಂದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊಡಬೇಡವ್ವ, ಕೊಡಬೇಡ ಎಂದು ಒಳಗೊಳಗೇ ಹಲ್ಲು ಕಚ್ಚಿದಳು.

ಪಂಪಮ್ಮನ ತುಟಿ ಅಲುಗಲಿಲ್ಲ.

"ಪಂಪಕ್ಕಾ," ಎಂದಳು ಪುಷ್ಪಲತಾ, ಮೈಕು ಬಾಯಿಯ ಹತ್ತಿರವೇ ಇರುವುದು ಮರೆತು. "ಸೊಲ್ಲು ಕೊಡಕ್ಕ, ನಿನ್ನ ಕಾಲಿಗೆ ಬೀಳ್ತೀನಿ." ಇಡೀ ಮಂಟಪಕ್ಕೆ ಕೇಳಿತು.

ಪಂಪಮ್ಮ ಒಂದು ಹೆಜ್ಜೆ ಮುಂದೆ ಬಂದು ಅದೇ ಮೈಕಿಗೆ ಬಾಯಿ ಕೊಟ್ಟಳು. "ನಿಮ್ಮ ಮನಿ ಹಾಡಲ್ಲೇನವ್ವ," ಎಂದಳು ಮೆಲ್ಲಗೆ. "ನಿಮ್ಮ ಮನ್ಯಾಗ ಕೇಳ್ಕೊಂಡು ಬಾ. ಮಂದಿ ಕುಂತಿರ್ತಾರ."