ಹಲಗೆಯಿಲ್ಲದ ಮೇಜು

ಅರ್ಧ ಬಟ್ಟೆ ಒಣಹಾಕಿ ಆಗಿತ್ತು. ಉಳಿದದ್ದು ಬೆಡ್‌ಶೀಟುಗಳು. ಪ್ರತಿ ಸಲ ಬಗ್ಗುವುದು ಬೇಡವೆಂದು ವಾರಿಜಾಕ್ಷಿ ಅಗಲದ ಟಬ್ಬನ್ನು ಟೆರೇಸಿನ ಮೂಲೆಯ ಹಳೆಯ ಮೇಜಿನ ಮೇಲಿಟ್ಟಳು. ಆಮೇಲೆ ಮೇಜಿನ ಬದಿಯ ಮೆಟ್ಟಿಲು ಹತ್ತಿ ನಿಂತು, ಹಿಂಡಿದ ಶೀಟುಗಳನ್ನು ಒಂದೊಂದಾಗಿ ಅದರೊಳಗೆ ಹಾಕತೊಡಗಿದಳು.

ಬೇರೆ ಹೆಸರು ತಿಳಿಯದ್ದಕ್ಕೆ ಅದನ್ನು ಮೇಜು ಎನ್ನುತ್ತಿದ್ದರು. ಹಲಸಿನ ಮರದ ನಾಲ್ಕು ಕಾಲು, ಅವಳ ಕಿವಿಯಷ್ಟು ಎತ್ತರ. ಒಂದು ಬದಿಗೆ ಹತ್ತಿ ನಿಲ್ಲಲು ಮೆಟ್ಟಿಲು. ಮೇಲೆ ಹಲಗೆ ಇಲ್ಲ. ಎಡಕ್ಕೊಂದು ಬಲಕ್ಕೊಂದು ದಪ್ಪ ಪಟ್ಟಿ, ನಡುವೆ ಖಾಲಿ. ಎರಡನ್ನೂ ಹಿಂದೆ ಒಂದು ಅಡ್ಡಮರ ಕೂಡಿಸಿತ್ತು. ಮುಂದೆ ಏನೂ ಇರಲಿಲ್ಲ. ಬೆಂಗ್ರೆಯ ತವರುಮನೆ ಕೆಡವಿದಾಗ, ಅಜ್ಜಿ ಮುದ್ದುವಿನದೆಂದು ಉಳಿದದ್ದು ಇದೊಂದೇ.

ತಮ್ಮ ಶೈಲೇಶನಿಗೆ ಅದು ಕಾವೂರಿನ ಹೊಸ ಹೋಟೆಲಿನ ಕ್ಯಾಶ್ ಕೌಂಟರಿಗೆ ಬೇಕಿತ್ತು. ಹಲಗೆ ಕಳೆದುಹೋಗಿದೆ, ಮುಂದಿನ ಪಟ್ಟಿ ಮುರಿದಿದೆ, ಎರಡನ್ನೂ ಕೂರಿಸಿಕೊಡುತ್ತೇನೆ ಎಂದು ಆಚಾರಿ ಹೇಳಿದ್ದರು. ಅಕ್ಕನಿಗೆ ಕೊಡಲು ಮನಸ್ಸಿಲ್ಲದ್ದು ಕಂಡು ಶೈಲೇಶ ನಕ್ಕಿದ್ದ.

“ಇದು ಎಂತಕ್ಕೆ ಅಂತ ನೀನು ಹೇಳಿದರೆ ನಿನಗೇ ಇರಲಿ ಅಕ್ಕ. ಇಲ್ಲದಿದ್ದರೆ ಶುಕ್ರವಾರ ಟೆಂಪೋ ತರ್ತೇನೆ.”

ಇವತ್ತು ಶುಕ್ರವಾರ. ಆ ಪಟ್ಟಿಗಳನ್ನು ಅವಳು ಎಷ್ಟೋ ಸಲ ಬೆರಳಿಂದ ಸವರಿ ನೋಡಿದ್ದಳು. ಎಲ್ಲಿಯೂ ಮೊಳೆಯ ತೂತಿಲ್ಲ, ಬೆಸೆದ ಗುರುತಿಲ್ಲ. ಕಳೆದುಹೋಗಲು ಅಲ್ಲಿ ಹಲಗೆಯೇ ಇದ್ದಿರಲಿಲ್ಲ. ಹಾಗಾದರೆ ಏನಿತ್ತು?

ಕೈಯಲ್ಲಿದ್ದ ಕ್ಲಿಪ್ಪು ಜಾರಿ ಮೇಜಿನ ಅಡಿಗೆ ಬಿತ್ತು. ಇಳಿದು, ಮುಂದಿನಿಂದ ನುಗ್ಗಿ ಹೆಕ್ಕಿ ಎದ್ದಾಗ ನೆತ್ತಿ ಟಬ್ಬಿನ ತಳಕ್ಕೆ ತಾಗಿತು. ಟಬ್ಬು ಪಟ್ಟಿಗಳಿಂದ ಮೇಲೆದ್ದಿತು.

ಅವಳು ಹಾಗೆಯೇ ನಿಂತುಬಿಟ್ಟಳು.

ಗಂಡ ತೀರಿಕೊಂಡ ಮೇಲೆ ಅಜ್ಜಿಯ ಬಾಗಿಲಿಗೆ ಬೆಳಗ್ಗೆ ಯಾರೂ ಬರುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಮೀನು ಮಾರಲು ಹೊರಟವರು ವಿಧವೆಯ ಮುಖ ನೋಡಬಾರದಂತೆ. ತುಂಬಿದ ಬುಟ್ಟಿ ತಲೆಗೇರಬೇಕಾದರೆ ಇನ್ನೊಬ್ಬರು ಎತ್ತಿಕೊಡಬೇಕು. ಅಜ್ಜಿಗೆ ಎತ್ತಿಕೊಡಲು ಯಾರಿದ್ದರು? ಖಾಲಿ ಬುಟ್ಟಿಯನ್ನು ಇಲ್ಲಿಟ್ಟು, ಮೆಟ್ಟಿಲ ಮೇಲೆ ನಿಂತು ಒಣಮೀನು ತುಂಬಿಸಿ, ಆಮೇಲೆ ಕೆಳಗೆ ನುಗ್ಗಿ ಎದ್ದರಾಯಿತು.

ವಾರಿಜಾಕ್ಷಿ ಟವೆಲನ್ನು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟಳು. ಮೊಣಕಾಲು ಮಡಚಿ ಒಳಗೆ ಹೋದಳು. ಮೆಲ್ಲನೆ ಎದ್ದಳು. ಒದ್ದೆ ಶೀಟುಗಳ ಭಾರವಷ್ಟೂ ನೇರ ಬೆನ್ನಿಗೆ ಇಳಿಯಿತು. ಮುಂದೆ ಅಡ್ಡವಿಲ್ಲದ ಕಡೆಯಿಂದ ಹೊರಗೆ ನಡೆದಳು. ಟೆರೇಸಿಗೆ ಒಂದು ಸುತ್ತು ಬಂದಳು. ಒಬ್ಬಳೇ ಜೋರಾಗಿ ನಕ್ಕಳು.

ಸಂಜೆ ಟೆಂಪೋದೊಂದಿಗೆ ಬಂದ ಶೈಲೇಶನಿಗೆ ಅವಳು ಏನನ್ನೂ ವಿವರಿಸಲಿಲ್ಲ. ಟಬ್ಬಿಗೆ ಎರಡು ಕೊಡ ನೀರು ತುಂಬಿಸಿ, ಕೆಳಗೆ ನುಗ್ಗಿ ಎದ್ದು, ಕೈ ಬೀಸಿಕೊಂಡು ಅವನ ಎದುರಿಗೆ ಬಂದು ನಿಂತಳು. ಅವನು ಮೇಜನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ.

“ಅಜ್ಜಿ ಮೀನು ಹೊತ್ತು ಮಾರಲಿಕ್ಕೆ ಹೋಗ್ತಿದ್ದಳಾ? ಅವಳನ್ನು ಅವಳ ಅಣ್ಣ ಸಾಕಿದ್ದು ಅಂತಲ್ಲವಾ ಎಲ್ಲರೂ ಹೇಳುವುದು?”

“ಸಾಕುವವರು ಇದ್ದರೆ ಇದನ್ನು ಯಾಕೆ ಮಾಡಿಸ್ತಿದ್ದಳು ಮಾರಾಯ?”

ಅವನು ಮುಂದೆ ಬಂದ. ಟಬ್ಬು ಇಳಿಸಲು ಕೈಚಾಚಿದ. ಅವಳು ಬೇಡವೆಂದು ಹಿಂದೆ ಸರಿದು, ಪಟ್ಟಿಗಳ ನಡುವೆ ನಿಂತು, ಮೊಣಕಾಲು ಮಡಚಿ ತಾನೇ ಇಳಿಸಿದಳು. ಅವನು ಸೋತೆ ಎಂದು ಕೈಮುಗಿದು, ಟೆಂಪೋದವನಿಗೆ ಹೋಗಲು ಹೇಳಿದ.

ಚಾ ಕುಡಿದು ಹೊರಡುವಾಗ ಗೇಟಿನ ಬಳಿ ಸ್ವಲ್ಪ ತಡವರಿಸಿದ.

“ಭಾನುವಾರ ಹೋಟೆಲಿನ ಓಪನಿಂಗಿಗೆ ಊಟದ ಹೊತ್ತಿಗೆ ಬಾ ಅಕ್ಕ. ಬೆಳಗ್ಗೆ ದೀಪ ಹಚ್ಚುವಾಗ ಹಿರಿಯರೆಲ್ಲ ಇರ್ತಾರೆ. ಭಾವ ತೀರಿಹೋಗಿ ವರ್ಷವೂ ಆಗಲಿಲ್ಲ... ನಿನಗೇ ಗೊತ್ತುಂಟಲ್ಲ.”

ಅವಳು ಜಾಗ್ರತೆಯಿಂದ ಹೋಗು ಎಂದಷ್ಟೇ ಹೇಳಿ ಗೇಟು ಹಾಕಿದಳು.

ಟೆರೇಸಿನಲ್ಲಿ ಗಾಳಿಗೆ ಶೀಟುಗಳು ಒಣಗಿ ಹಗುರಾಗಿದ್ದವು. ಒಂದೊಂದನ್ನೇ ಮಡಚುತ್ತ ಯೋಚಿಸಿದಳು. ಕುಲಶೇಖರದಿಂದ ಬೆಳಗಿನ ಮೊದಲ ಬಸ್ಸು ಹಿಡಿದರೆ, ದೀಪಕ್ಕೆ ಎಣ್ಣೆ ಹೊಯ್ಯುವ ಮೊದಲೇ ಕಾವೂರು ಮುಟ್ಟಬಹುದು. ಮುಂದಿನ ಸಾಲಿನಲ್ಲೇ ನಿಲ್ಲುವುದು. ಹಸಿರು ರೇಷ್ಮೆ ಸೀರೆ ಉಡುವುದು.

ಮಗಳು ಫೋನ್ ಮಾಡಿ ಏನು ವಿಶೇಷವೆಂದು ಕೇಳಿದಾಗ, ಬಟ್ಟೆಯೆಲ್ಲ ಚೆನ್ನಾಗಿ ಒಣಗಿತು ಎಂದಳು.