ಕೆಂಪು ದಾರದ ಸೌಟು

ಮುಚ್ಚಳ ಕುಣಿಯುತ್ತಿದೆ, ಯಾವುದರದು, ಹಿಂದಿನ ಒಲೆಯದು, ಅತ್ತೆಯ ಪಾತ್ರೆ, ಸಕ್ಕರೆ ಕಾಯಿಲೆಯವರ ಪಾತ್ರೆಗೆ ಇಷ್ಟೊಂದು ಸಂಭ್ರಮ ಯಾಕೋ, ಒಳಗಿರುವುದು ಬರೀ ಬೇಳೆ ಮತ್ತು ಹುರುಳಿಕಾಯಿ, ಆಲೂಗಡ್ಡೆಗೆ ಪ್ರವೇಶವೇ ಇಲ್ಲ — ಟೈಲರಮ್ಮ ಉರಿ ಸಣ್ಣ ಮಾಡಿದಳು, ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ, ಮದುವೆಯಾದ ಮೇಲೂ ಗಂಡ ಒಮ್ಮೊಮ್ಮೆ ಬಾಯಿ ತಪ್ಪಿ ಟೈಲರಮ್ಮ ಎಂದುಬಿಡುತ್ತಾನೆ, ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಯಲ್ಲವೇ ಅವನು, ಬಂದವನು ಪ್ಯಾಂಟನ್ನೂ ಒಯ್ದ, ಹೊಲಿದವಳನ್ನೂ ಒಯ್ದ, ಈಗ ಊಟಕ್ಕೆ ಬರುವವರಿಗೆ ಕುರ್ಚಿ ಸಾಲದು ಅಂತ ಮೇಲಿನ ಮನೆಗೆ ಹೋದವನು ಅಲ್ಲೇ ಯಾರದೋ ಬೀಗ ಬಿಚ್ಚುತ್ತ ಕೂತಿರುತ್ತಾನೆ, ಬೀಗ ರಿಪೇರಿಯವನ ಕೈ ಸುಮ್ಮನಿದ್ದರೆ ಆಶ್ಚರ್ಯ. ನಾಲ್ಕು ಒಲೆ, ನಾಲ್ಕು ಪಾತ್ರೆ, ನಾಲ್ಕು ಸೌಟು, ಒಂದೊಂದು ಸೌಟಿನ ಹಿಡಿಗೂ ಒಂದೊಂದು ಬಣ್ಣದ ದಾರ, ಅತ್ತೆಯದಕ್ಕೆ ಹಸಿರು, ತನ್ನ ಅಕ್ಕನದಕ್ಕೆ ಹಳದಿ — ಬೆಳ್ಳುಳ್ಳಿಯ ಗಾಳಿ ಸೋಕಿದರೂ ಅಕ್ಕ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಾಳೆ — ಮಾವನದಕ್ಕೆ ನೀಲಿ, ಮೈ ತುಂಬಲಿ, ಬೆಣ್ಣೆ ತಿನ್ನಿ ಅಂತ ಡಾಕ್ಟರು ಅಂದದ್ದೇ ತಡ ಮಾವ ಮಗುವಾಗಿಬಿಟ್ಟಿದ್ದಾರೆ, ಆ ಪಾತ್ರೆಯಲ್ಲಿ ತರಕಾರಿ ಬೆಣ್ಣೆಯೊಳಗೆ ಈಜುತ್ತಿದೆ. ಕೆಂಪು ದಾರದ್ದು ಜಡ್ಜಮ್ಮನ ಸೌಟು. ಅಕ್ಕ ಫೋನಿನಲ್ಲಿ ನಕ್ಕಿದ್ದಳು, ಅಡುಗೆ ಮಾಡ್ತಿದೀಯೋ ಕಸೂತಿ ಹಾಕ್ತಿದೀಯೋ, ನಗಲಿ, ಅಂಗಡಿಯಲ್ಲಿ ಯಾರ ಬಟ್ಟೆಯೂ ಯಾರಿಗೂ ಅದಲುಬದಲಾಗಿದ್ದಿಲ್ಲ, ಅದಕ್ಕೆ ಈ ದಾರವೇ ಕಾರಣ.

ಜಡ್ಜಮ್ಮ ಅಂದರೆ ಗಂಡನ ಮಗಳು, ಹೆಸರಿಟ್ಟದ್ದು ಮಾವ, ಏನು ಕೊಟ್ಟರೂ ಮೊದಲು ವಿಚಾರಣೆ, ಇದರಲ್ಲಿ ಏನೇನಿದೆ, ಯಾರು ಮಾಡಿದ್ದು, ಕೈ ತೊಳೆದಿದ್ರಾ. ಹಾಲು, ಬೆಣ್ಣೆ, ಮೊಸರು ಯಾವುದೂ ಆ ಮೈಗೆ ಆಗದು, ಚಮಚದ ತುದಿಯಲ್ಲಿದ್ದರೂ ಆಗದು, ಯಾರದೋ ಹುಟ್ಟುಹಬ್ಬದಲ್ಲಿ ಯಾರೋ ಪುಣ್ಯಾತ್ಗಿತ್ತಿ ತಿನ್ನು ಮರಿ, ಏನೂ ಆಗಲ್ಲ ಅಂದಳಂತೆ, ತುಟಿ ಊದಿ, ಉಸಿರು ಸಿಕ್ಕಿಕೊಂಡು, ಆಸ್ಪತ್ರೆ — ಅಲ್ಲಿಂದ ಈಚೆಗೆ ಅಜ್ಜಿ, ಅಂದರೆ ಅತ್ತೆ, ಕಟ್ಟಿಕೊಟ್ಟ ಡಬ್ಬಿ ಬಿಟ್ಟು ಬೇರೆ ಅನ್ನ ಮುಟ್ಟಿಲ್ಲ, ಹೆತ್ತ ತಾಯಿ ಹೋದಾಗಿನಿಂದ ಅಜ್ಜಿಯ ಮನೆಯಲ್ಲೇ ಇದೆ ಮಗು, ಭಾನುವಾರ ಬರುತ್ತದೆ, ಡಬ್ಬಿ ಬಿಚ್ಚುತ್ತದೆ, ತಿನ್ನುತ್ತದೆ, ಹೋಗುತ್ತದೆ. ಒಂದು ಭಾನುವಾರ ಬರೀ ಬಿಳಿ ಅನ್ನ, ಉಪ್ಪೂ ಇಲ್ಲದ್ದು, ಚಮಚದಲ್ಲಿ ಹಿಡಿದು ನಿಂತಿದ್ದಳು ಇವಳು, ಒಂದೇ ಒಂದು ತುತ್ತು ಮರಿ, ಆ ಬಾಯಿ ಹೊಲಿಗೆ ಹಾಕಿದ ಹಾಗೆ ಮುಚ್ಚಿಕೊಂಡಿತು, ಸಿಟ್ಟೂ ಇಲ್ಲ, ಹಟವೂ ಇಲ್ಲ, ಬರೀ ಮುಚ್ಚಿದ ಬಾಯಿ, ರಾತ್ರಿ ಇವಳ ನಿದ್ದೆಯಲ್ಲೂ ಅದೇ. ಅತ್ತೆ ಅಂದಿದ್ದರು, ಪಾಪ, ಒರಟಾಗಿ ಏನೂ ಅಲ್ಲ, ಇವಳು ನಿನ್ನ ಕೈಯಡುಗೆ ಉಂಡ ದಿನ ಇವಳ ಬಟ್ಟೆ ಬರೆ ತಂದು ಇಲ್ಲೇ ಬಿಟ್ಟು ಹೋಗ್ತೀನಿ ಕಣಮ್ಮ, ಅಲ್ಲಿತನಕ ನಂಗೆ ಧೈರ್ಯ ಬರಲ್ಲ, ಸರಿಯೇ ಅಲ್ಲವೇ ಅದು, ಉಣ್ಣದ ಮನೆಯಲ್ಲಿ ಮಗು ಹೇಗಿರುತ್ತದೆ. ಒಳಕೋಣೆಯಲ್ಲಿ ಪುಟ್ಟ ಮಂಚ ಆಗಲೇ ಬಂದು ಕೂತಿದೆ, ಹೊದಿಕೆ ಇವಳೇ ಹೊಲಿದದ್ದು, ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ಸೇರಿಸಿ, ಯಾರಿಗೂ ತೋರಿಸಿಲ್ಲ, ಇವತ್ತು ಉಂಡರೆ ತೋರಿಸುವುದು. ಬಾಗಿಲ ಗಂಟೆ ಹೊಡೆಯಿತು.

ಬಂದರು, ಬಂದರು, ಅಕ್ಕನೂ ಅವರ ಜೊತೆಗೇ, ಚಪ್ಪಲಿ, ಬ್ಯಾಗು, ಬ್ಯಾಗಿನೊಳಗೆ ಡಬ್ಬಿ — ಇರಲಿ ಅಂತ ತಂದೆ ಕಣಮ್ಮ ಅಂತಾರೆ ಅತ್ತೆ, ಇರಲಿ ಅತ್ತೆ, ಜಡ್ಜಮ್ಮ ಹೊಸ ಫ್ರಾಕಿನಲ್ಲಿ ಬಾಗಿಲಿಗೆ ಒರಗಿ ಮೂಗೆತ್ತಿ ವಾಸನೆ ನೋಡುತ್ತಾಳೆ, ಇವಳು ನೀರು ಕೊಟ್ಟು, ಕುರ್ಚಿ ಎಳೆದು, ಅಕ್ಕನ ಸೀರೆಯ ಫಾಲ್ಸು ಬಿಚ್ಚಿಕೊಂಡದ್ದನ್ನು ಕಂಡು ಅಲ್ಲೇ ನಾಲ್ಕು ಹೊಲಿಗೆ ಹಾಕಿ, ನಿಂದೊಂದು ಹುಚ್ಚು ಕಣೇ, ಬಿಡು ಅಂತ ಅಕ್ಕ ಬೈದು, ಮಾತಿಗೆ ಮಾತು ಬೆಳೆದು — ಮಾವ ಎಲ್ಲಿ, ಅಡುಗೆಮನೆಯಲ್ಲಿ. ಒಲೆಯ ಮುಂದೆ, ಕೈಯಲ್ಲಿ ಸೌಟು, ಮೀಸೆಯಲ್ಲಿ ಬೆಣ್ಣೆ. ದಾರ ಎಲ್ಲ ಪಾತ್ರೆಗೆ ಬೀಳೋ ಹಾಗಿತ್ತಮ್ಮ, ಬಿಚ್ಚಿಟ್ಟಿದೀನಿ ನೋಡು, ಕಟ್ಟೆಯ ಮೇಲೆ ನಾಲ್ಕು ದಾರ ಒಟ್ಟಿಗೆ ಮಲಗಿವೆ, ತಳ ಹಿಡೀಬಾರದು ಅಂತ ನಾಲ್ಕನ್ನೂ ಕಲಕಿ ಒಂದೊಂದು ಚೂರು ರುಚಿ ನೋಡಿದೆ, ಭೇಷ್ ಆಗಿದೆ, ನನ್ನದಂತೂ ಕೇಳಲೇಬೇಡ. ಒಂದೇ ಸೌಟಿನಲ್ಲಾ ಮಾವ. ಹ್ಞೂಂ, ಅದಕ್ಕೇನೀಗ. ಆಮೇಲೆ ಅವರ ಮುಖ ನಿಧಾನವಾಗಿ ಇಳಿಯಿತು, ಮೀಸೆ ಒರೆಸಿಕೊಂಡರು, ಜಡ್ಜಮ್ಮನದ್ದನ್ನೇ ಮೊದಲು ಕಲಕಿದ್ದು ಅನ್ಸುತ್ತಮ್ಮ, ನಂದು ಕೊನೆಗೆ, ಹಾಗೇ ಅನ್ಸುತ್ತೆ. ಅನ್ಸುತ್ತೆ. ಪಾತ್ರೆಯೊಳಗೆ ನೋಡಿದಳು, ಕ್ಯಾರೆಟ್ಟು, ಅನ್ನ, ಎಣ್ಣೆಯ ಹೊಳಪು, ಎಣ್ಣೆಯದೋ ಬೆಣ್ಣೆಯದೋ, ಬಡಿಸಿಬಿಟ್ಟರೆ ಏನೂ ಆಗಲಾರದು, ಮಾವ ಹೇಳುವುದು ನಿಜವೇ ಇರಬಹುದು, ಮಂಚ ಕಾಯುತ್ತಿದೆ, ಹೊದಿಕೆ ಕಾಯುತ್ತಿದೆ — ಏನೂ ಆಗಲ್ಲ, ಅಯ್ಯೋ, ಆ ಪುಣ್ಯಾತ್ಗಿತ್ತಿಯ ಮಾತೇ ತನ್ನ ಬಾಯಿಗೆ ಬಂತಲ್ಲ. ಅನ್ಸುತ್ತೆ ಅಂತ ಬಟ್ಟೆಗೇ ಕತ್ತರಿ ಹಾಕುವವಳಲ್ಲ ಅವಳು. ಒಲೆ ಆರಿಸಿದಳು.

ಊಟದ ಮೇಜಿನ ಹತ್ತಿರ ಹೋಗಿ ನಿಂತಳು, ಗಂಡ ಎರಡು ಕುರ್ಚಿ ಹೊತ್ತು ಬಂದು ಬಾಗಿಲಲ್ಲೇ ನಿಂತ. ಜಡ್ಜಮ್ಮ, ನಿನ್ನ ಪಾತ್ರೆಗೆ ಬೆಣ್ಣೆ ಸೌಟು ಬಿದ್ದಿರಬಹುದು, ಬಿದ್ದಿಲ್ಲದೆಯೂ ಇರಬಹುದು, ನಂಗೆ ಗೊತ್ತಿಲ್ಲ, ಅದನ್ನ ನೀನು ತಿನ್ನಬೇಡ, ನಾನೇ ಕೊಟ್ಟರೂ ತಿನ್ನಬೇಡ. ಹೇಳಿ ಮುಗಿಯಿತು, ಹೋಯಿತು, ಇವತ್ತಿಗೆ ಇಷ್ಟೇ, ಅತ್ತೆಯ ಕೈ ಬ್ಯಾಗಿನ ಜಿಪ್ಪಿಗೆ ಹೋಗಿದೆ, ಮಾವ ನೆಲ ನೋಡುತ್ತಿದ್ದಾರೆ. ಮಗು ಇವಳನ್ನೇ ನೋಡುತ್ತಿದೆ, ಗೊತ್ತಿಲ್ಲ ಅಂತ ಹೇಳಿದ ದೊಡ್ಡವರನ್ನು ಮೊದಲ ಸಲ ಕಂಡ ಹಾಗೆ. ಮತ್ತೆ ಮಾಡೋಕೆ ಎಷ್ಟೊತ್ತು ಬೇಕು, ಕೇಳಿತು. ನೀನು ಕ್ಯಾರೆಟ್ ತೊಳೆದುಕೊಟ್ಟರೆ ಬೇಗ ಆಗುತ್ತೆ. ನಾನು ಎಲ್ಲಾ ನೋಡ್ತಾ ಇರ್ತೀನಿ. ನೋಡು ತಾಯಿ, ನೋಡು — ಕಟ್ಟೆಯ ಮೇಲೆ ಹತ್ತಿ ಕೂತಾಯಿತು, ಫ್ರಾಕು ಒದ್ದೆ, ಹೊಸ ಬಾಣಲೆ ತೊಳೆದು ತೋರಿಸಿದ್ದಾಯಿತು, ಎಣ್ಣೆ ಬಾಟಲಿ ಮೂಸಿದ್ದಾಯಿತು, ಕೈ ತೊಳೆದಿದ್ರಾ, ತೊಳೆದೆ, ಇನ್ನೊಂದ್ಸಲ, ಸರಿ ಇನ್ನೊಂದ್ಸಲ, ಬಾಗಿಲಲ್ಲಿ ಇಣುಕಿದ ಮಾವನಿಗೆ ತಾತಾ ನೀವು ಒಳಗೆ ಬರೋ ಹಾಗಿಲ್ಲ ಎಂಬ ತೀರ್ಪು, ಆಚೆ ಅಕ್ಕ ನಕ್ಕು ನಕ್ಕು ಕೆಮ್ಮುತ್ತಿದ್ದಾಳೆ, ಹಸಿವಾಗ್ತಿದೆ ಕಣೇ, ಜಡ್ಜಮ್ಮನದ್ದೇ ನಂಗೂ ಹಾಕಿಬಿಡು, ಅದರಲ್ಲಿ ಬೆಳ್ಳುಳ್ಳಿ ಇಲ್ಲ ತಾನೆ. ಅನ್ನ ಬಿತ್ತು, ಕ್ಯಾರೆಟ್ ಬಿತ್ತು, ಉಪ್ಪು ಬಿತ್ತು, ಎಷ್ಟು ಬಿತ್ತೋ, ಎದೆಯಲ್ಲಿ ಹೊಲಿಗೆ ಮೆಷಿನ್ನು ಓಡುತ್ತಿದೆ, ಉಪ್ಪು ಸರಿ ಇದೆಯೋ ಇಲ್ಲವೋ ಯಾರು ಹೇಳಬೇಕು, ಚಮಚದಲ್ಲಿ ನಾಲ್ಕು ಅಗುಳು ತೆಗೆದು, ಊದಿ, ತನ್ನ ಬಾಯಿಗೇ ಇಟ್ಟುಕೊಳ್ಳಲು ಎತ್ತಿದಳು — ಊಹೂಂ, ನಾನು ನೋಡ್ತೀನಿ, ಅಂದಿತು ಮಗು, ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ಬಾಯಿ ತೆರೆಯಿತು, ಚಮಚ ಗಾಳಿಯಲ್ಲೇ ನಿಂತಿದೆ, ಅತ್ತೆ ಬಂದು ನಿಂತಿದ್ದಾರೆ, ಗಂಡನೂ, ಅವರು ಏನೋ ಅನ್ನುತ್ತಿದ್ದಾರೆ, ಏನೋ, ಕೇಳಿಸುವುದಿಲ್ಲ, ತೆರೆದ ಬಾಯಿ, ಮುಂದಿನ ಹಲ್ಲೊಂದು ಬಿದ್ದಿದೆ, ಆ ಜಾಗದಲ್ಲಿ ಹೊಸದರ ಬಿಳಿ ತುದಿ, ಗುಲಾಬಿ ನಾಲಿಗೆ, ತೆರೆದ ಬಾಯಿ, ಅವಳಿಗಾಗಿ, ತೆರೆದ ಬಾಯಿ