ಜಗಳವಿಲ್ಲದ ಆಟ

"ಮನೇಲಿ ಎಷ್ಟು ಜನ ಆಡ್ತೀರಿ?" ಎಂದು ಆಟಗಳ ಅಂಗಡಿಯವಳು ಕೇಳಿದಳು.

"ಏಳು. ಅದ್ರಲ್ಲಿ ಒಬ್ಳಿಗೆ ಐದು ವರ್ಷ," ಎಂದರು ಅತ್ತಿಗೆ.

"ಸೋತ್ರೆ ಮುಖ ಊದಿಸ್ಕೊಳ್ಳೋರು ಯಾರಾದ್ರೂ ಇದಾರಾ?"

"ಇಬ್ರಿದಾರೆ. ಇಬ್ರಿಗೂ ಅರವತ್ತು ದಾಟಿದೆ."

ಅಂಗಡಿಯವಳು ನಕ್ಕಳು. ನಾನು ಅತ್ತಿಗೆಯ ಹಿಂದೆ ನಿಂತು ಡಬ್ಬಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದೆ. ಮಾತಾಡುವ ಕೆಲಸ ಅವರದು, ನಿಯಮಗಳನ್ನು ಓದುವ ಕೆಲಸ ನನ್ನದು ಎಂದು ದಾರಿಯಲ್ಲೇ ಒಪ್ಪಂದವಾಗಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಇಂಥ ಕೆಲಸಗಳು ತಾನಾಗಿ ಬರುತ್ತವೆ.

ಆ ಇಬ್ಬರು ಎಂದರೆ ಅಪ್ಪ ಮತ್ತು ಚಿಕ್ಕಪ್ಪ. ಚಿಕ್ಕಪ್ಪನದು ಒಂಟಿ ಜೀವ. ಎರಡು ಬೀದಿ ಆಚೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಭಾನುವಾರ ನಮ್ಮಲ್ಲಿ ಊಟ, ಊಟವಾದ ಮೇಲೆ ಇಸ್ಪೀಟು. ಎಲೆ ಕೈಗೆ ಬರುವವರೆಗೆ ಅಣ್ಣತಮ್ಮಂದಿರ ನಡುವೆ ಮಾತೇ ಹುಟ್ಟುತ್ತಿರಲಿಲ್ಲ. "ಬಂದ್ಯಾ?" "ಹೂಂ." ಅಷ್ಟೇ. ಎಲೆ ಹಂಚಿದರೋ, ಸೂರು ಹಾರಿಹೋಗುವಷ್ಟು ಗಲಾಟೆ.

"ಏನೋ ಅದು, ರಾಣೀನ ಅಷ್ಟು ಹುಷಾರಾಗಿ ಬಚ್ಚಿಟ್ಕೊಂಡಿದೀಯ? ಮದುವೇನೇ ಬೇಡ ಅಂದೋನಿಗೆ ಆಸೆ ನೋಡು!"

"ನಿನ್ ತುರುಪು ನಿನ್ ಹಲ್ಲಿದ್ದಂಗೆ ಅಣ್ಣ, ಎಣಿಸಿದ್ರೆ ನಾಕಿಲ್ಲ."

"ನನ್ ಹಲ್ಲಿನ ವಿಷಯ ಬಿಡು. ನಿನ್ ಸೊಂಟಕ್ಕೆ ಡಾಕ್ಟ್ರಿಗೆ ತೋರಿಸಿದ್ಯಾ, ಇಲ್ಲಾ ಮಿಷನ್ನಿಗೆ ಹಾಕೋ ಎಣ್ಣೇನೇ ಸವರ್ಕೊಂಡ್ಯಾ?"

"ತೋರಿಸ್ದೆ ಕಣೋ ಮಾರಾಯ. ಎಲೆ ಹಾಕು, ಮಾತಲ್ಲಿ ಮರೆಸ್ಬೇಡ, ಕಳ್ಳ!"

ನಾನು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜೋರು ದನಿ ನನಗೆ ಮೊದಲಿನಿಂದಲೂ ಆಗದು. ಆದರೆ ಅತ್ತಿಗೆಯ ಮಗಳು ಪುಟ್ಟಿ ಅಲ್ಲೇ ಕೂತು ಬಾಯಿ ತೆರೆದು ಕೇಳುವಳು. ಒಂದು ದಿನ ಶಾಲೆಯಲ್ಲಿ ಟೀಚರು ಬಣ್ಣದ ಪೆನ್ಸಿಲುಗಳನ್ನು ವಾಪಸ್ ಕೇಳಿದಾಗ ಇವಳು "ಹೋಗೇ ಕಳ್ಳಿ" ಎಂದುಬಿಟ್ಟಳು. ಅತ್ತಿಗೆಯನ್ನು ಶಾಲೆಗೆ ಕರೆಸಿದರು. ಅವರು ಮನೆಗೆ ಬಂದು ಯಾರನ್ನೂ ಬೈಯಲಿಲ್ಲ. ಮಗುವೂ ಸೇರಿ ಮನೆಮಂದಿಯೆಲ್ಲ ಆಡುವಂಥದ್ದೊಂದು ತರೋಣ ಎಂದರು, ಅಷ್ಟೇ. ಆ ಮಾತಿನಲ್ಲಿ ಯಾರು ತಪ್ಪು ಹುಡುಕುತ್ತಾರೆ?

ಅಂಗಡಿಯವಳು ನೀಲಿ ಡಬ್ಬವೊಂದನ್ನು ಇಳಿಸಿದಳು. "ಇದ್ರಲ್ಲಿ ಎಲ್ರೂ ಒಂದೇ ಕಡೆ. ಬಿರುಗಾಳಿ ಬರೋದ್ರೊಳಗೆ ದೋಣೀನ ದಡ ಸೇರಿಸ್ಬೇಕು. ಗೆದ್ರೆ ಎಲ್ರೂ, ಸೋತ್ರೆ ಎಲ್ರೂ. ಜಗಳಕ್ಕೆ ಜಾಗಾನೇ ಇಲ್ಲ."

"ಇದೇ ಇರ್ಲಿ," ಎಂದರು ಅತ್ತಿಗೆ. ನನಗೂ ಒಳಗೊಳಗೇ ಖುಷಿ.

ಮೊದಲ ಭಾನುವಾರ ನಾನು ನಿಯಮಗಳನ್ನು ಓದಿ ಹೇಳಿದೆ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಹಲಗೆಯನ್ನು ಅತ್ತಿತ್ತ ನೋಡಿದರು. "ಸರಿ, ಸೋಲಿಸೋದು ಯಾರನ್ನ?"

"ಬಿರುಗಾಳೀನ, ಚಿಕ್ಕತಾತ!"

"ಬಿರುಗಾಳಿ ನಂಗೇನ್ ಮಾಡಿದೆಯಮ್ಮಾ?"

ಎಲ್ಲರೂ ನಕ್ಕೆವು. ಆಟ ಚೆನ್ನಾಗಿಯೇ ಆಯಿತು. "ಎಡಕ್ಕೆ ಹೋಗೋಣ್ವಾ?" ಎಂದು ಅಪ್ಪ ಕೇಳಿದರೆ, "ನೀನು ಹೇಳ್ದಂಗೆ" ಎಂದು ಚಿಕ್ಕಪ್ಪ. ದೋಣಿ ದಡ ಸೇರಿತು, ಪುಟ್ಟಿ ಕುಣಿದಳು. ಗೆದ್ದ ಅಣ್ಣತಮ್ಮಂದಿರಿಬ್ಬರಿಗೂ ಯಾರ ಮುಖ ನೋಡಿ ಮೀಸೆ ತಿರುವಬೇಕೋ ತಿಳಿಯಲಿಲ್ಲ. ಚಿಕ್ಕಪ್ಪ ಟೀ ಕುಡಿದು ಬೇಗ ಎದ್ದರು. ಮನೆ ಎಷ್ಟು ತಣ್ಣಗಿದೆ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ.

ಆಮೇಲೆ ಚಿಕ್ಕಪ್ಪ ಒಂದು ವಾರ ಬಂದರೆ ಇನ್ನೊಂದು ವಾರ ಇಲ್ಲ. ಬಂದ ದಿನ ದೋಣಿ ನಡೆಸಿ, ಪುಟ್ಟಿಯ ತಲೆ ನೇವರಿಸಿ ಹೊರಡುವರು. ಒಂದು ದಿನ ಕ್ಷೌರಕ್ಕೆ ಹೋದ ಅಪ್ಪ ಒಂದು ಕೆನ್ನೆಗೆ ಸೋಪು ಮೆತ್ತಿಕೊಂಡೇ ಮನೆಗೆ ಬಂದರು.

"ಅವ್ನು ಅಂಗಡಿ ಮುಚ್ಚಿ ತಿಂಗಳಾಗ್ತಾ ಬಂತಂತೆ. ರಿಪೇರಿಗೆ ಯಾರೂ ತರಲ್ವಂತೆ. ಇದನ್ನ ನಂಗೆ ಕ್ಷೌರದೋನು ಹೇಳ್ಬೇಕಾ?"

ಅಮ್ಮ ಟವೆಲು ಕೊಟ್ಟರು. "ಮೊನ್ನೆ ಬಂದಿದ್ನಲ್ಲ. ನೀವೇ ಕೇಳ್ಬೇಕಿತ್ತು."

"ನನ್ ಪಕ್ಕದಲ್ಲೇ ಕೂತಿದ್ದ ಕಣೇ. ದೋಣಿ ಎಡಕ್ಕೋ ಬಲಕ್ಕೋ ಅಂತ ಕೇಳ್ದೆ. ಅಂಗಡಿ ಹೆಂಗಿದೆ ಅಂತ..." ಅಪ್ಪ ಟವೆಲಿನಲ್ಲಿ ಮುಖ ಒತ್ತಿಕೊಂಡರು. "ಹೆಂಗೇ ಕೇಳೋದು? ಸುಮ್ಸುಮ್ನೆ, ಮುಖ ನೋಡ್ಕೊಂಡು?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದರು. ಅಷ್ಟು ವರ್ಷ ಆ ಕೂಗಾಟದೊಳಗೇ ಅವರಿಬ್ಬರು ಒಬ್ಬರ ಕಷ್ಟಸುಖ ಇನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನಮ್ಮ ಕಿವಿಗೆ ಬಿದ್ದದ್ದು ಬರೀ ಸದ್ದು. ಅತ್ತಿಗೆ ಬೇರೆ ಮನೆಯಿಂದ ಬಂದವರು, ಅವರಿಗೆ ತಿಳಿಯದಿದ್ದರೆ ಸಹಜ. ಇದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ?

ಮರುದಿನ ಅತ್ತಿಗೆ ತಾವೇ ಚಿಕ್ಕಪ್ಪನ ಮನೆಗೆ ಹೋದರು. "ಈ ಭಾನುವಾರ ಇಸ್ಪೀಟೇ ಆಡಿ ಚಿಕ್ಕಮಾವ. ಪುಟ್ಟೀನ ನಾನು ನೋಡ್ಕೋತೀನಿ" ಎಂದು ಕರೆದು ಬಂದರಂತೆ.

ಭಾನುವಾರ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನೆಂಟರ ಮನೆಗೆ ಬಂದವರ ಹಾಗೆ ಹಣ್ಣು ತಂದಿದ್ದರು. ಅಪ್ಪ ಎಲೆ ಕಲೆಸಿ ಹಂಚಿದರು. ನಾನು ಈ ಸಲ ಬಾಗಿಲು ಹಾಕಿಕೊಳ್ಳದೆ ಅಪ್ಪನ ಪಕ್ಕದಲ್ಲೇ ಕೂತೆ.

ಆಡಿದ ಮಾತು ಇಷ್ಟೇ: "ನಿಂದು." "ಹೂಂ, ನಂದು." ಅಪ್ಪನ ಕೈಯಲ್ಲಿ ಎಕ್ಕವಿತ್ತು, ನನಗೆ ಕಾಣುತ್ತಿತ್ತು. ಅದನ್ನು ಬಿಟ್ಟು ಬೇಕೆಂದೇ ಒಂದು ಕೆಲಸಕ್ಕೆ ಬಾರದ ಎಲೆಯನ್ನು ಹಾಕಿ, ತಮ್ಮನ ಬಾಯಿಯನ್ನೇ ನೋಡುತ್ತ ಕಾದರು.

ಚಿಕ್ಕಪ್ಪ ಮುಂದಕ್ಕೆ ಬಾಗಿ ಎಲೆ ನೋಡಿದರು. "ಅದು ಬೇಡಣ್ಣ. ಬೇರೆ ಒಳ್ಳೇದಿರುತ್ತೆ ನೋಡು. ವಾಪಸ್ ತಗೋ, ಪರವಾಗಿಲ್ಲ."

"ಬೈಯೋ," ಎಂದರು ಅಪ್ಪ.

"ಯಾಕಣ್ಣ?"

"ಸುಮ್ನೆ. ಒಂದ್ಸಲ ಬೈಯಿ."

ಚಿಕ್ಕಪ್ಪ ನಗಲು ನೋಡಿದರು. "ಬರ್ತಿಲ್ಲಣ್ಣ," ಎಂದು ಮೆಲ್ಲಗೆ ಹೇಳಿ, ಆ ಎಲೆಯನ್ನು ಬೆರಳ ತುದಿಯಿಂದ ಅಪ್ಪನ ಕಡೆಗೆ ಸರಿಸಿದರು.

ಅಪ್ಪ ಅದನ್ನು ವಾಪಸ್ ತೆಗೆದುಕೊಂಡರು.